ವಾಷಿಂಗ್ ಯೂನಿಟ್‌ನವರು ಶುದ್ಧೀಕರಿಸಿದ ನೀರು ಪುಕ್ಕಟೆ ಕೊಡ್ತೀವಿ ಅಂತಿದ್ದಾರೆ, ಮೆಣಸಿನಕಾಯಿ ಹೊಲಕ್ಕೆ ಬಿಡಬಹುದಾ?

ಎರೆಹೊಲ (ಬಳ್ಳಾರಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ ಹತ್ತಿರ ಆರು ಎಕರೆ. ಎರಡು ಎಕರೆ ಮಸಾರಿ (ಕೆಂಪು ಮಣ್ಣು), ಉಳಿದದ್ದೆಲ್ಲ ಎರೆ (ಕಪ್ಪು ಮಣ್ಣು). ಕಾಗದದ ಮೇಲೆ ನಮ್ಮದು ನೀರಾವರಿ ಜಮೀನು. ಆದರೆ ನಾವು ಉಪಕಾಲುವೆಯ ಕೊನೆ ಭಾಗದವರು. ಮೇಲಿನವರು ಭತ್ತಕ್ಕೆ ಕಟ್ಟಿಕೊಂಡು ಮಿಕ್ಕಿದ್ದು ನಮಗೆ. ಮೆಣಸಿನಕಾಯಿ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಾಲುವೆ ಒಣಗಿರುತ್ತದೆ. ಬ್ಯಾಡಗಿಗೆ ಒಯ್ಯುವ ಮಾಲಿನಲ್ಲಿ ಬಣ್ಣ ಕಡಿಮೆ, ಕಾಯಿ ಸಣ್ಣ ಅಂತ ರೇಟು ಕತ್ತರಿಸುತ್ತಾರೆ. ಒಂದೆರಡು ನೀರು ಜಾಸ್ತಿ ಸಿಕ್ಕಿದ್ದರೆ ಆ ಕಾಯಿ ಹಾಗಿರುತ್ತಿರಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಅದಾದ ಮೇಲಂತೂ ಎರಡನೇ ಬೆಳೆ ನಂಬಿಕೊಳ್ಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

ಈಗ ವಿಷಯ. ನಮ್ಮ ಹೊಲದಿಂದ ಸ್ವಲ್ಪ ದೂರದಲ್ಲಿ ಒಂದು ಜೀನ್ಸ್ ವಾಷಿಂಗ್ ಯೂನಿಟ್ ಇದೆ. ಹೆಸರು ಬೇಡ. ಅವರ ಮ್ಯಾನೇಜರ್ ಮನೆಗೇ ಬಂದಿದ್ದರು. ಬಳಸಿದ ನೀರನ್ನು ಪ್ಲಾಂಟಿನಲ್ಲಿ ಶುದ್ಧ ಮಾಡುತ್ತೇವೆ, ಅದನ್ನು ನಿಮ್ಮ ಹೊಲಕ್ಕೆ ಬಿಡುತ್ತೇವೆ, ಪೈಪು ನಮ್ಮ ಖರ್ಚಲ್ಲೇ ಹಾಕಿಸುತ್ತೇವೆ, ವರ್ಷವಿಡೀ ನೀರು, ದುಡ್ಡು ಏನೂ ಬೇಡ, ಮೂರು ವರ್ಷಕ್ಕೆ ಒಂದು ಕರಾರು ಪತ್ರಕ್ಕೆ ಸಹಿ ಹಾಕಿದರೆ ಸಾಕು ಅಂದರು. ಗಾಜಿನ ಲೋಟದಲ್ಲಿ ನೀರು ತಂದು ತೋರಿಸಿದರು. ನೀಲಿ ಬಣ್ಣ ಒಂಚೂರೂ ಇಲ್ಲ. ವಾಸನೆ ಇಲ್ಲ. ನಮ್ಮ ಬೋರಿನ ನೀರಿಗಿಂತ ತಿಳಿಯಾಗಿದೆ.

ಲ್ಯಾಬ್ ರಿಪೋರ್ಟಿನ ಜೆರಾಕ್ಸ್ ಸಹ ಕೊಟ್ಟಿದ್ದಾರೆ. ಪಿಎಚ್ 7.8, ಬಿಒಡಿ 22, ಸಿಒಡಿ 180 (ಎರಡೂ ನೀರಿನಲ್ಲಿರುವ ಕೊಳೆಯ ಅಳತೆಯಂತೆ), ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು) 2040, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ, ಪಿಎಚ್ ಬಿಟ್ಟು. ಎಲ್ಲದರ ಮುಂದೆ ‘ಮಿತಿಯೊಳಗಿದೆ’ ಅಂತ ಬರೆದಿದೆ.

ಅಪ್ಪನಿಗೆ ಮನಸ್ಸಿದೆ. ನೀರಿಲ್ಲದೆ ಕಣ್ಣೆದುರೇ ಬೆಳೆ ಬಾಡುವುದನ್ನು ನೋಡಿದವರು ಅವರು, ಬೇಡ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಆದರೆ ಒಂದು ವಿಷಯ ಕೊರೆಯುತ್ತಿದೆ. ಆ ಯೂನಿಟ್ಟಿನ ಹೊಂಡ ಹೋದ ಮಳೆಗಾಲದಲ್ಲಿ ತುಂಬಿ ಹರಿದು ನಮ್ಮ ಅರ್ಧ ಎಕರೆ ಎರೆ ಮೇಲೆ ನಿಂತಿತ್ತು. ಆ ಜಾಗದಲ್ಲಿ ಈ ಸಲ ಜೋಳ ಸರಿಯಾಗಿ ಏಳಲೇ ಇಲ್ಲ. ಬದುವಿನ ಪಕ್ಕ ಬೆಳ್ಳಗೆ ಹರಳು ಹರಳಾಗಿ ಕಾಣುತ್ತದೆ. ಕುಂಟೆ ಹೊಡೆದರೆ ಮಣ್ಣು ಪುಡಿಯಾಗುವುದಿಲ್ಲ, ಹೆಂಟೆಹೆಂಟೆಯಾಗಿ ಏಳುತ್ತದೆ. ಅದು ಶುದ್ಧ ಮಾಡದ ನೀರು, ಇದು ಬೇರೆ ಅಂತ ಮ್ಯಾನೇಜರ್ ಹೇಳುತ್ತಾರೆ.

ರಿಪೋರ್ಟು ಮಿತಿಯೊಳಗಿದ್ದರೆ ಸಾಕಾ? ಇದರ ಬಗ್ಗೆ ತಿಳಿದವರು ದಯವಿಟ್ಟು ಹೇಳಿ. ಮುಂದಿನ ವಾರ ಸಹಿಗೆ ಬರುತ್ತಾರಂತೆ.

ಬಯಲುಸೀಮೆ ರೈತ:

ಸುಮ್ನೆ ಭಯ ಪಡಬೇಡಿ ಅಣ್ಣ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಬಿಡುತ್ತಿದ್ದಾರೆ. ಬತ್ತಿಹೋಗಿದ್ದ ಬೋರುಗಳಲ್ಲಿ ನೀರು ಬಂದಿದೆ ಅಂತ ಅಲ್ಲಿನವರೇ ಹೇಳುತ್ತಾರೆ. ನೀರಿಲ್ಲದ ಕಡೆ ಯಾವ ನೀರಾದರೂ ನೀರೇ. ರಿಪೋರ್ಟು ಸರಿ ಇದೆ ಅಂದಮೇಲೆ ತಗೊಳ್ಳಿ.

ಮಣ್ಣು ನೀರು ಲ್ಯಾಬ್ (ರಾಯಚೂರು):

ನಾನು ರಾಯಚೂರಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ತುಂಗಭದ್ರಾ ಎಡದಂಡೆಯ ಸವಳು (ಉಪ್ಪು ಸೇರಿ ಕೆಟ್ಟ) ಹೊಲಗಳ ಮಣ್ಣು ದಿನಾ ನನ್ನ ಟೇಬಲ್ ಮೇಲೆ ಇರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಪೂರ್ತಿ ಓದಿ. ಸಹಿ ಮಾತ್ರ ಸದ್ಯಕ್ಕೆ ಬೇಡ.

ಮೊದಲು ಕೋಲಾರದ ಮಾತು. ಅದು ಊರಿನ ಕೊಳಚೆ ನೀರು, ಅದನ್ನು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲು ಬಿಡುತ್ತಾರೆ. ನೇರವಾಗಿ ಬೆಳೆಗೆ ಹಾಯಿಸುವ ಯೋಜನೆಯಲ್ಲ. ಅದರಲ್ಲಿ ಇರುವುದೇ ಬೇರೆ, ಜೀನ್ಸ್ ತೊಳೆದ ನೀರಿನಲ್ಲಿ ಇರುವುದೇ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ.

ಈಗ ನಿಮ್ಮ ರಿಪೋರ್ಟು. ಬಿಒಡಿ 22, ಸಿಒಡಿ 180 ಅಂದರೆ ಅವರ ಪ್ಲಾಂಟು ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಜವಳಿ ಘಟಕಗಳಿಗೆ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಬಿಒಡಿ 30, ಸಿಒಡಿ 250, ಟಿಡಿಎಸ್ 2100. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಿತಿಯೊಳಗಿದೆ ಅನ್ನುವುದೇ ಒಂದು, ನಿಮ್ಮ ಎರೆ ಹೊಲದ ಮೆಣಸಿನ ಗಿಡ ಅದನ್ನು ತಡೆದುಕೊಳ್ಳುತ್ತದೆ ಅನ್ನುವುದೇ ಇನ್ನೊಂದು.

ಬಣ್ಣ, ವಾಸನೆ, ಕೊಳೆಯುವ ವಸ್ತು ಇವನ್ನೆಲ್ಲ ಪ್ಲಾಂಟು ತೆಗೆಯುತ್ತದೆ. ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಸಾರಿಗೆ ಬಿದ್ದ ಉಪ್ಪು ಸೋಸಿದರೆ ಹೋಗುವುದಿಲ್ಲವಲ್ಲ, ಹಾಗೆ. ಅದಕ್ಕೆ ಆರ್‌ಒ (ಒತ್ತಡ ಹಾಕಿ ಪೊರೆಯ ಮೂಲಕ ನೀರು ತಳ್ಳಿ ಉಪ್ಪು ಬೇರೆ ಮಾಡುವ ಯಂತ್ರ) ಬೇಕು. ಲೋಟದ ನೀರು ತಿಳಿಯಾಗಿ ಕಂಡಿದ್ದರಿಂದ ಉಪ್ಪಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಟಿಡಿಎಸ್ 2040 ಅಂದರೆ ಲೀಟರಿಗೆ 2 ಗ್ರಾಂ ಉಪ್ಪು. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಿದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಎಕರೆಗೆ 200 ಕೆಜಿ ಮೀರಿ ಉಪ್ಪು. ಸಾಲುಗಳಲ್ಲಿ ಹಾಯಿಸುವಾಗ ಸುಲಭವಾಗಿ ಎರಡು ಇಂಚು ಹೋಗುತ್ತದೆ. ಆರು ನೀರು ಕೊಟ್ಟರೆ ಒಂದೇ ಬೆಳೆಗೆ ಎರಡೂವರೆ ಟನ್ ಉಪ್ಪು ಎಕರೆಗೆ ಬಿತ್ತು. ನೀವು ಒಂದು ಬೆಳೆಗೆ ಎಕರೆಗೆ ಎಷ್ಟು ಚೀಲ ಗೊಬ್ಬರ ಹಾಕುತ್ತೀರಿ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಗಿಡ ನೀರನ್ನು ಕುಡಿಯುತ್ತದೆ, ಉಪ್ಪನ್ನು ಬಹುಮಟ್ಟಿಗೆ ಮಣ್ಣಲ್ಲೇ ಬಿಡುತ್ತದೆ. ಅದನ್ನು ಕೆಳಗೆ ತೊಳೆಯಲು ಮಳೆ ಬೇಕು. ನಮ್ಮ ಮಳೆ ನಿಮಗೇ ಗೊತ್ತು. ಸಾಲದ್ದಕ್ಕೆ ಎರೆಯಲ್ಲಿ ನೀರು ಕೆಳಗಿಳಿಯುವುದೇ ನಿಧಾನ.

ಲ್ಯಾಬುಗಳಲ್ಲಿ ಉಪ್ಪನ್ನು ಇಸಿ ಅಂತ ಅಳೆಯುತ್ತೇವೆ, ಅಂದರೆ ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಅನ್ನುವ ಅಳತೆ, ಉಪ್ಪು ಜಾಸ್ತಿಯಾದಷ್ಟೂ ಅದು ಜಾಸ್ತಿ. ಟಿಡಿಎಸ್ಸನ್ನು 640ರಿಂದ ಭಾಗಿಸಿದರೆ ಅಂದಾಜು ಇಸಿ ಸಿಗುತ್ತದೆ. ನಿಮ್ಮದು 3.2. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಪಟ್ಟಿಯ ಪ್ರಕಾರ ಮೆಣಸಿನಕಾಯಿ ಪೂರ್ತಿ ಇಳುವರಿ ಕೊಡಬೇಕಾದರೆ ನೀರಿನ ಇಸಿ 1.0 ದಾಟಬಾರದು. 2.2ಕ್ಕೆ ಕಾಲು ಭಾಗ ಬೆಳೆ ಹೋಗುತ್ತದೆ. 3.4ಕ್ಕೆ ಅರ್ಧ ಹೋಗುತ್ತದೆ. ಈರುಳ್ಳಿ ಇನ್ನೂ ನಾಜೂಕು, 0.8. ಮೆಕ್ಕೆಜೋಳ 1.1, ಭತ್ತ 2.0, ಜೋಳ 4.5, ಹತ್ತಿ 5.1. ನೀರು ಚೆನ್ನಾಗಿ ಬಸಿಯುವ ಹೊಲಕ್ಕೆ ಹಾಕಿದ ಲೆಕ್ಕ ಇದು, ನಿಮ್ಮ ಎರೆಗೆ ಇನ್ನೂ ಬಿಗಿ ಹಿಡಿಯಬೇಕು. ಅಂದರೆ ಎಲ್ಲವೂ ಮಿತಿಯೊಳಗಿದೆ ಅಂದ ಅದೇ ನೀರು ನಿಮ್ಮ ಮೆಣಸಿನಕಾಯಿಯ ಹತ್ತಿರ ಹತ್ತಿರ ಅರ್ಧವನ್ನು ತಿನ್ನುತ್ತದೆ.

ಹಾಗಾದರೆ ಹತ್ತಿ ಹಾಕಿದರಾಯಿತು ಅಂತ ನಿಮಗೆ ಅನ್ನಿಸಬಹುದು. ಇಲ್ಲೇ ನಿಮ್ಮ ರಿಪೋರ್ಟಿನಲ್ಲಿ ಇಲ್ಲದ ಅಂಕಿ ಬರುತ್ತದೆ: ಎಸ್‌ಎಆರ್. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಎದುರು ಸೋಡಿಯಂ ಎಷ್ಟಿದೆ ಅನ್ನುವ ಅಳತೆ ಅದು. ಮಿಲಿ ಇಕ್ವಿವಲೆಂಟ್ (ಲ್ಯಾಬ್ ರಿಪೋರ್ಟಿನಲ್ಲಿ ಬರುವ ಒಂದು ಅಳತೆ) ಲೆಕ್ಕದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡಿಸಿ, ಎರಡರಿಂದ ಭಾಗಿಸಿ, ವರ್ಗಮೂಲ ತೆಗೆದು, ಸೋಡಿಯಂ ಅಂಕಿಯನ್ನು ಅದರಿಂದ ಭಾಗಿಸಬೇಕು. ಉದಾಹರಣೆಗೆ ಸೋಡಿಯಂ 25, ಉಳಿದೆರಡೂ ಸೇರಿ 8 ಇದ್ದರೆ ಎಸ್‌ಎಆರ್ 12.5. ಅದೇ 2016ರ ಮಾನದಂಡ ಎಸ್‌ಎಆರ್ 26ರ ತನಕ ಬಿಡುತ್ತದೆ. ಎರೆ ಮಣ್ಣಿಗೆ 26 ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದೇಶಕ್ಕೆಲ್ಲ ಒಂದೇ ಅಂಕಿ ಬರೆದರೆ ಮರಳು ಮಣ್ಣಿಗೂ ಬಳ್ಳಾರಿಯ ಎರೆಗೂ ಅದೇ ಅಳತೆ ಆಗಿಬಿಡುತ್ತದೆ.

ಸೋಡಿಯಂ ಏನು ಮಾಡುತ್ತದೆ ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಬಹಳ ಜನ ಮೋಸ ಹೋಗುವುದು ಇಲ್ಲೇ. ಎರೆಯಲ್ಲಿ ಜೇಡಿಯ ಕಣ ಜಾಸ್ತಿ. ಕ್ಯಾಲ್ಸಿಯಂ ಆ ಕಣಗಳನ್ನು ಗುಂಪುಗೂಡಿಸಿ ಹಿಡಿಯುತ್ತದೆ, ಅದಕ್ಕೇ ಒಳ್ಳೆ ಎರೆ ಒಣಗಿದಾಗ ಕಾಳುಕಾಳಾಗಿ ಉದುರುತ್ತದೆ. ಸೋಡಿಯಂ ಅದರ ಜಾಗಕ್ಕೆ ಬಂದು ಕೂತರೆ ಕಣಗಳು ಬಿಡಿಬಿಡಿಯಾಗುತ್ತವೆ. ಆದರೆ ಉಪ್ಪು ನೀರು ಹಾಯಿಸುತ್ತಿರುವಷ್ಟು ದಿನ ಇದು ಕಾಣುವುದಿಲ್ಲ! ನೀರಿನಲ್ಲಿರುವ ಉಪ್ಪೇ ಕಣಗಳನ್ನು ಒತ್ತಿ ಹಿಡಿದಿರುತ್ತದೆ, ನೀರು ಚೆನ್ನಾಗಿಯೇ ಇಂಗುತ್ತದೆ. ಬೇಸಿಗೆ ಪೂರ್ತಿ ‘ಏನೂ ಆಗಿಲ್ಲ ನೋಡಿ’ ಅನ್ನಬಹುದು. ಮೇಲೆ ಮಳೆ ಬಿದ್ದಾಗ ಗೊತ್ತಾಗುತ್ತದೆ. ಮಳೆ ನೀರಿನಲ್ಲಿ ಉಪ್ಪಿಲ್ಲ, ಹಿಡಿತ ಸಡಿಲವಾಗುತ್ತದೆ, ಜೇಡಿ ಕರಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ನೀರು ಮೇಲೆ ನಿಲ್ಲುತ್ತದೆ, ಬೇರು ಉಸಿರುಗಟ್ಟುತ್ತದೆ, ಒಣಗಿದ ಮೇಲೆ ಹೆಂಟೆ ಕಲ್ಲಾಗುತ್ತದೆ. ನಿಮ್ಮ ಅರ್ಧ ಎಕರೆಯಲ್ಲಿ ಕುಂಟೆಗೆ ಎದ್ದ ಹೆಂಟೆ ಇದೇ ಇರಬಹುದು ಅಂತ ನನ್ನ ಅನುಮಾನ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಆ ಅರ್ಧ ಎಕರೆಯಿಂದ ಒಣಗಿದ ಸಣ್ಣ ಹೆಂಟೆ ತನ್ನಿ, ಬಟಾಣಿ ಕಾಳಿನಷ್ಟಿದ್ದರೆ ಸಾಕು. ನೀರು ಹರಿಯದ ಕಡೆಯಿಂದ ಇನ್ನೊಂದು ತನ್ನಿ. ಎರಡು ಗಾಜಿನ ಲೋಟದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಹಿಡಿದಿಟ್ಟ ಮಳೆ ನೀರು ಹಾಕಿ. ಬೋರ್ ನೀರು ಬೇಡ, ಅದರ ಉಪ್ಪು ಫಲಿತಾಂಶ ಕೆಡಿಸುತ್ತದೆ. ಹೆಂಟೆಯನ್ನು ಮೆಲ್ಲಗೆ ಇಳಿಸಿ, ಅಲುಗಾಡಿಸಬೇಡಿ. ಎರಡು ಗಂಟೆ ಬಿಟ್ಟು ನೋಡಿ, ಮರುದಿನ ಮತ್ತೆ ನೋಡಿ. ಹೆಂಟೆ ಕುಸಿದು ಕಾಳಾದರೂ ನೀರು ತಿಳಿಯಾಗಿದ್ದರೆ ಸರಿ. ಹೆಂಟೆಯ ಸುತ್ತ ಹಾಲು ಬೆರೆಸಿದಂತೆ ಮಬ್ಬು ಹರಡಿದರೆ ಸೋಡಿಯಂ ಒಳಗೆ ಕೂತಿದೆ ಅಂತ ತಿಳಿಯಿರಿ.

ನೀರಿನ ಸ್ಯಾಂಪಲ್ ನೀವೇ ತೆಗೆಯಿರಿ, ಅವರು ಲೋಟದಲ್ಲಿ ತಂದದ್ದಲ್ಲ. ಪೈಪಿನ ಬಾಯಲ್ಲಿ ಸ್ವಲ್ಪ ಹೊತ್ತು ಹರಿಯಲು ಬಿಟ್ಟು, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಬಾಯಿತನಕ ತುಂಬಿ ಮುಚ್ಚಿ. ಒಂದು ಲೀಟರ್ ಸಾಕು. ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದರೆ ಇನ್ನೂ ಒಳ್ಳೆಯದು. ಇಸಿ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್, ಬೋರಾನ್, ಜೊತೆಗೆ ಮ್ಯಾಂಗನೀಸ್ ಮತ್ತು ಕ್ರೋಮಿಯಂ ಕೇಳಿ. ಲೋಹಗಳಿಗೆ ಬೇರೆ ಬಾಟಲಿ ಬೇಕು, ಲ್ಯಾಬಿನವರೇ ಆಸಿಡ್ ಹಾಕಿ ಕೊಡುತ್ತಾರೆ. ಕ್ರೋಮಿಯಂ ಯಾಕೆ ಅಂದರೆ ಜವಳಿ ಮಾನದಂಡ ಲೀಟರಿಗೆ 2 ಮಿಲಿಗ್ರಾಂ ತನಕ ಬಿಡುತ್ತದೆ, ನೀರಾವರಿಗೆ ಎಫ್‌ಎಒ ಹೇಳುವುದು 0.1. ಹತ್ತಿರದಲ್ಲಿ ಹಗರಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣು, ಉಪ್ಪು ನೀರಿನ ಮೇಲೆಯೇ ಕೆಲಸ ಮಾಡುವವರಿದ್ದಾರೆ. ಅವರ ಹತ್ತಿರ ಒಮ್ಮೆ ಹೋಗಿ ಬನ್ನಿ.

ನೀವು ನೀರಿಗೆ ಎಷ್ಟು ಕಷ್ಟಪಡುತ್ತಿದ್ದೀರಿ ಅನ್ನುವುದು ನನಗೆ ಗೊತ್ತು. ಆದರೆ ನೀರಿಲ್ಲದ ವರ್ಷ ಒಂದು ಬೆಳೆ ಹೋಗುತ್ತದೆ. ಸೋಡಿಯಂ ಕೂತ ಎರೆಯನ್ನು ಮತ್ತೆ ಹದಕ್ಕೆ ತರಲು ವರ್ಷಗಟ್ಟಲೆ ಬೇಕು.

ಪ್ಲಾಂಟ್ ಆಪರೇಟರ್:

ಲ್ಯಾಬಿನ ಮೇಡಂ ಹೇಳಿದ್ದು ಸರಿ. ನಾನು ತಮಿಳುನಾಡಿನ ತಿರುಪ್ಪೂರಿನಲ್ಲಿ ಡೈಯಿಂಗ್ (ಬಟ್ಟೆಗೆ ಬಣ್ಣ ಹಾಕುವ) ಘಟಕಗಳ ಇಟಿಪಿಯಲ್ಲಿ, ಅಂದರೆ ಬಳಸಿದ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ಕೆಲಸ ಮಾಡಿದವನು. ಒಳಗಿನ ಮಾತು ಸ್ವಲ್ಪ ಹೇಳುತ್ತೇನೆ.

ಜೀನ್ಸ್ ವಾಷಿಂಗ್‌ನಲ್ಲಿ ಏನೇನು ಹಾಕುತ್ತಾರೆ ನೋಡಿ. ಬಣ್ಣ ತಿಳಿ ಮಾಡಲು ಸೋಡಿಯಂ ಹೈಪೊಕ್ಲೋರೈಟ್. ತೊಡೆಯ ಮೇಲೆ ಬಿಳಿಚಿದಂತೆ ಮಾಡಲು ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ಪ್ರೇ. ಅದನ್ನು ನಿಲ್ಲಿಸಲು ಸೋಡಿಯಂ ಮೆಟಾಬೈಸಲ್ಫೈಟ್. ಜೊತೆಗೆ ಕಾಸ್ಟಿಕ್, ಸೋಡಾ, ಸೋಪು. ಮುಕ್ಕಾಲು ಪಾಲು ಹೆಸರಿನಲ್ಲಿ ಸೋಡಿಯಂ ಇದೆ ಅಲ್ವಾ? ಪರ್ಮಾಂಗನೇಟಿನಿಂದ ಮ್ಯಾಂಗನೀಸ್ ಬರುತ್ತದೆ. ಆಮೇಲೆ ನೀಲಿ ಬಣ್ಣ ಕೂರಿಸಲು ಪ್ಲಾಂಟಿನಲ್ಲಿ ಆಲಂ ಅಥವಾ ಫೆರಸ್ ಸಲ್ಫೇಟ್, ಸುಣ್ಣ ಹಾಕುತ್ತಾರೆ. ಬಣ್ಣ ಹೋಗುತ್ತದೆ, ಅದರ ಸಲ್ಫೇಟ್ ನೀರಲ್ಲೇ ಉಳಿಯುತ್ತದೆ. ಹಾಗಾಗಿ ತಿಳಿಯಾದ ನೀರಲ್ಲಿ ಒಳಗೆ ಬಂದ ನೀರಿಗಿಂತ ಉಪ್ಪು ಜಾಸ್ತಿ ಇರುವುದೂ ಉಂಟು.

ನೀವು ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಿ. ಬಳ್ಳಾರಿಯಲ್ಲಿ ನೀರಿಗೆ ಇಷ್ಟು ತತ್ವಾರ. ವಾಷಿಂಗ್‌ಗೆ ಟ್ಯಾಂಕರ್ ನೀರು ಕೊಳ್ಳುವವರಿದ್ದಾರೆ. ಈ ನೀರು ಅಷ್ಟು ಚೆನ್ನಾಗಿದ್ದರೆ ಅವರೇ ಮತ್ತೆ ಯಾಕೆ ಬಳಸುತ್ತಿಲ್ಲ? ಆರ್‌ಒ ಇದೆಯಾ? ಇದ್ದರೆ ನಿಮಗೆ ಬರುವುದು ಆರ್‌ಒದ ಒಳ್ಳೆ ನೀರಾ, ಅದು ಹೊರಗೆ ತಳ್ಳುವ, ಉಪ್ಪೆಲ್ಲ ಸೇರಿದ ರಿಜೆಕ್ಟಾ? ಒಳ್ಳೆ ನೀರನ್ನು ಪುಕ್ಕಟೆ ಕೊಡುವವರು ನನಗೆ ಎಲ್ಲೂ ಸಿಕ್ಕಿಲ್ಲ. ರಿಜೆಕ್ಟನ್ನು ಕುದಿಸಿ ಆವಿ ಮಾಡಲು ಬಹಳ ಖರ್ಚು, ಅದಕ್ಕೇ ಅದಕ್ಕೊಂದು ಹೊಲ ಹುಡುಕುತ್ತಾರೆ.

ತಿರುಪ್ಪೂರಿನ ಕಥೆ ಎಲ್ಲರಿಗೂ ಗೊತ್ತಿರಬೇಕು. ನೊಯ್ಯಲ್ ನದಿಗೆ ಒರತ್ತುಪಾಳಯಂ ಅನ್ನುವ ಕಡೆ 1992ರಲ್ಲಿ ನೀರಾವರಿಗೆ ಅಂತಲೇ ಅಣೆ ಕಟ್ಟಿದರು. ಮೇಲಿನಿಂದ ಡೈಯಿಂಗ್ ನೀರು ಬಂದು ಅದರಲ್ಲಿ ನಿಂತಿತು. ಸಾಮೂಹಿಕ ಶುದ್ಧೀಕರಣ ಘಟಕಗಳು ಬಂದವು, ಉಪ್ಪು ಮಾತ್ರ ಹೋಗಲಿಲ್ಲ. ಕೊನೆಗೆ ಕೆಳಗಿನ ರೈತರೇ ಈ ನೀರು ಬಿಡಬೇಡಿ ಅಂತ ಕೋರ್ಟಿಗೆ ಹೋದರು. ನೀರಾವರಿ ಅಣೆಯ ನೀರನ್ನು ರೈತರೇ ಬೇಡ ಅನ್ನುವುದು ಅಂದರೆ ಎಂಥ ಸ್ಥಿತಿ ಯೋಚಿಸಿ. ಹನಿ ನೀರೂ ಹೊರಗೆ ಬಿಡದ ವ್ಯವಸ್ಥೆ ಇಲ್ಲದ ಡೈಯಿಂಗ್ ಘಟಕಗಳನ್ನು ಮುಚ್ಚಲು ಮದ್ರಾಸ್ ಹೈಕೋರ್ಟ್ 2011ರಲ್ಲಿ ಆದೇಶ ಮಾಡಿತು. ಅದಾದ ಮೇಲೆ ಅಲ್ಲಿ ಆರ್‌ಒ, ಇವಾಪೊರೇಟರ್ ಹಾಕಿದರು, ಈಗ ಅದೇ ನೀರನ್ನು ಮತ್ತೆ ಮತ್ತೆ ಬಳಸುತ್ತಾರೆ. ಮಾಡಲು ಆಗುವುದಿಲ್ಲ ಅಂತೇನಿಲ್ಲ.

ಕಾರಟಗಿ ಭತ್ತ:

ನಾನು ಬೇರೆ ಅನುಭವ ಹೇಳುತ್ತೇನೆ. ಕಾರ್ಖಾನೆ ನೀರು ಅಂದ ತಕ್ಷಣ ಎಲ್ಲಾ ವಿಷ ಅಂತ ಆಗಬಾರದು. ನಮ್ಮ ಕಡೆ ಗಂಗಾವತಿ, ಕಾರಟಗಿ, ಸಿಂಧನೂರು ಪೂರ್ತಿ ರೈಸ್ ಮಿಲ್. ಬಾಯಿಲ್ಡ್ ರೈಸ್ ಮಿಲ್‌ನಲ್ಲಿ ಭತ್ತ ನೆನೆಸಿದ ನೀರು ಹೊರಗೆ ಬರುತ್ತದೆ. ನಮ್ಮ ಪಕ್ಕದ ಮಿಲ್ಲಿನಿಂದ ನಾನು ಅದನ್ನು ಎರಡು ಹೊಂಡ ದಾಟಿಸಿ, ಏರೇಟರ್ (ನೀರಿಗೆ ಗಾಳಿ ಸೇರಿಸುವ ಯಂತ್ರ) ಹಾಕಿದ ಮೇಲೆ ತೆಗೆದುಕೊಳ್ಳುತ್ತೇನೆ. ನೇಪಿಯರ್ ಹುಲ್ಲಿಗೆ ಮತ್ತು ತೆಂಗಿಗೆ ಮಾತ್ರ, ಅದೂ ಮಸಾರಿಯಲ್ಲಿ. ಕಾಲುವೆ ನೀರು ಇರುವಾಗ ಒಂದು ಸಲ ಮಿಲ್ಲಿನ ನೀರು, ಎರಡು ಸಲ ಕಾಲುವೆಯದು. ಹುಲ್ಲು ಕಪ್ಪು ಹಸಿರು ಬರುತ್ತದೆ. ಭತ್ತದ ಪೊಟ್ಯಾಷ್, ರಂಜಕ ಆ ನೀರಲ್ಲಿ ಇರುತ್ತದೆ.

ಹಾಗಂತ ನೆನೆಸಿದ ನೀರನ್ನು ಹಾಗೇ ಬಿಡುವಂತಿಲ್ಲ. ಅದು ಒಂದು ದಿನದಲ್ಲೇ ಹುಳಿಯುತ್ತದೆ, ಹತ್ತಿರ ನಿಲ್ಲಲು ಆಗದಷ್ಟು ನಾರುತ್ತದೆ. ಪಕ್ಕದ ಗದ್ದೆಯಲ್ಲಿ ನಾಟಿ ಆದ ಹದಿನೈದು ದಿನಕ್ಕೆ ಹಾಗೆ ಬಿಟ್ಟಿದ್ದರು. ಪೈರು ಹಳದಿ ತಿರುಗಿತು, ಕಿತ್ತು ನೋಡಿದರೆ ಬೇರು ಕಪ್ಪಗೆ, ಕೊಳೆತ ಮೊಟ್ಟೆ ವಾಸನೆ. ಕೊಳೆಯುವ ವಸ್ತು ನೀರಿನ ಉಸಿರನ್ನೆಲ್ಲ ತಿಂದುಬಿಟ್ಟಿರುತ್ತದೆ. ಆದರೆ ಆ ಹೊಲ ಮುಂದಿನ ಬೆಳೆಗೆ ಸರಿಯಾಯಿತು. ಕೊಳೆ ಮಣ್ಣಲ್ಲಿ ಕರಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಅಷ್ಟೇ ವ್ಯತ್ಯಾಸ.

ಇನ್ನೊಂದು, ಮಿಲ್ಲು ಎಲ್ಲಿಂದ ನೀರು ತರುತ್ತದೆ ಅಂತ ನೋಡಿ. ನಮ್ಮ ಮಿಲ್ಲಿನದು ಕಾಲುವೆ ನೀರು, ಅದಕ್ಕೇ ಉಪ್ಪು ಕಡಿಮೆ. ಸವಳು ಬೋರಿನ ನೀರಲ್ಲಿ ಭತ್ತ ನೆನೆಸಿದರೆ ಆಚೆ ಬರುವುದೂ ಸವಳು ನೀರೇ.

ಕೊಪ್ಪಳ ಓದುಗ:

ಕಾಗದದ ವಿಷಯ ಚಿಕ್ಕದಾಗಿ. 1974ರ ಜಲ ಕಾಯ್ದೆ ಪ್ರಕಾರ ಆ ಯೂನಿಟ್‌ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಇರಲೇಬೇಕು. ದಿನಕ್ಕೆ ಎಷ್ಟು ನೀರು, ಅದನ್ನು ಎಲ್ಲಿ ಬಿಡಬೇಕು, ಹೊರಗೆ ಬಿಡಬಹುದಾ ಇಲ್ಲವಾ ಅಂತ ಅದರಲ್ಲಿ ಬರೆದಿರುತ್ತದೆ. ಅವರು ಕೊಡದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಮಂಡಳಿಯಿಂದಲೇ ತೆಗೆಸಿ. ಹೊರಗೆ ಬಿಡುವಂತಿಲ್ಲ ಅಂತ ಅದರಲ್ಲಿದ್ದರೆ ನಿಮ್ಮ ಕರಾರು ಪತ್ರಕ್ಕೆ ಬೆಲೆಯೇ ಇಲ್ಲ. ‘ನೀರಿನ ಗುಣಮಟ್ಟಕ್ಕೆ ರೈತನೇ ಒಪ್ಪಿರುತ್ತಾನೆ’ ಅನ್ನುವ ಸಾಲು ಕರಾರಿನಲ್ಲಿ ಇದೆಯಾ ನೋಡಿ.

ಹರಿದು ನಿಂತ ಅರ್ಧ ಎಕರೆಯ ಫೋಟೋ, ತಾರೀಕು, ಮಣ್ಣಿನ ರಿಪೋರ್ಟು ಎಲ್ಲಾ ಇಟ್ಟುಕೊಳ್ಳಿ. ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಲು ಹಾನಿಯಾದ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ಹಾಳಾಗದ ಹೊಲದ ಮಣ್ಣನ್ನೂ ಈಗಲೇ ಪರೀಕ್ಷೆ ಮಾಡಿಸಿ. ಮೊದಲು ಹೇಗಿತ್ತು ಅನ್ನುವ ಪುರಾವೆ ಇಲ್ಲದಿದ್ದರೆ ‘ನಿಮ್ಮ ಹೊಲ ಮೊದಲಿಂದಲೂ ಸವಳು’ ಅಂದುಬಿಡುತ್ತಾರೆ.

ಎರೆಹೊಲ (ಬಳ್ಳಾರಿ ತಾಲ್ಲೂಕು):

ಎಲ್ಲರಿಗೂ ತುಂಬಾ ಧನ್ಯವಾದ. ಸಹಿ ಹಾಕಲಿಲ್ಲ. ಸ್ಯಾಂಪಲ್ ನಾನೇ ತೆಗೆದೆ, ಸಂಜೆ ಮೇಲೆ. ರಿಪೋರ್ಟು ಬಂದಿದೆ. ಇಸಿ 3.6. ಸೋಡಿಯಂ 29, ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿ 7. ಮೇಡಂ ಹೇಳಿದ ಹಾಗೆ ಲೆಕ್ಕ ಹಾಕಿದರೆ ಎಸ್‌ಎಆರ್ 15.5. ಮ್ಯಾಂಗನೀಸ್ 0.6. ಅವರ ಜೆರಾಕ್ಸಿನ ಟಿಡಿಎಸ್ 2040, ಇಲ್ಲಿ ಅದು 2300ರ ಹತ್ತಿರ ಬರುತ್ತದೆ.

ಲೋಟದ ಪರೀಕ್ಷೆ ಅಪ್ಪನೇ ಕೂತು ಮಾಡಿದರು. ನಮ್ಮ ಒಳ್ಳೆ ಹೊಲದ ಹೆಂಟೆ ಕುಸಿದರೂ ನೀರು ತಿಳಿಯಾಗಿಯೇ ಇತ್ತು. ಅರ್ಧ ಎಕರೆಯದು ಮರುದಿನ ಬೆಳಿಗ್ಗೆ ಲೋಟದ ತಳವೇ ಕಾಣದಷ್ಟು ಮಬ್ಬು. ಅದನ್ನು ನೋಡಿದ ಮೇಲೆ ಅವರೇ ಮ್ಯಾನೇಜರ್‌ಗೆ ಫೋನ್ ಮಾಡಿ ಬೇಡ ಅಂದರು. ಆರ್‌ಒ ಬಗ್ಗೆ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಅನುಮತಿ ಪತ್ರಕ್ಕೆ ಅರ್ಜಿ ಹಾಕಿದ್ದೇನೆ.

ಎರಡು ಪ್ರಶ್ನೆ ಉಳಿದಿದೆ. ಬದುವಿನ ಮರಗಳಿಗೆ ಈ ನೀರು ಬಿಡಬಹುದಾ? ಮತ್ತೆ ಆ ಅರ್ಧ ಎಕರೆಯನ್ನು ಏನು ಮಾಡಲಿ?

ಮಣ್ಣು ನೀರು ಲ್ಯಾಬ್ (ರಾಯಚೂರು):

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ಮ್ಯಾಂಗನೀಸ್ ನೀರಾವರಿಗೆ 0.2 ಇರಬೇಕು, ನಿಮ್ಮದು ಮೂರು ಪಟ್ಟು. ಎಸ್‌ಎಆರ್ 15.5 ಎರೆಗೆ ಆಗುವುದೇ ಇಲ್ಲ. ಮರಗಳಿಗೂ ನಾನು ಬೇಡ ಅನ್ನುತ್ತೇನೆ. ಬೇವು, ಜಾಲಿ ತಡೆದುಕೊಳ್ಳಬಹುದು, ಆದರೆ ಬದುವಿನ ಉಪ್ಪು ಮಳೆಗೆ ಹೊಲದೊಳಗೇ ಇಳಿಯುತ್ತದೆ. ಇಂಥ ನೀರಿಗೆ ಮರ ಬೆಳೆಸುವುದಾದರೆ ಅದು ಯೂನಿಟ್ಟಿನ ಕಾಂಪೌಂಡಿನೊಳಗೆ, ಅವರ ಜವಾಬ್ದಾರಿಯಲ್ಲಿ ಆಗಲಿ.

ಅರ್ಧ ಎಕರೆ ಸರಿ ಹೋಗುತ್ತದೆ, ಒಂದೇ ಸಲ ನೀರು ನಿಂತಿದ್ದು ಅಂದಿದ್ದೀರಿ. ಸೋಡಿಯಂ ಜಾಗಕ್ಕೆ ಮತ್ತೆ ಕ್ಯಾಲ್ಸಿಯಂ ಕೂರಿಸಬೇಕು, ಅದಕ್ಕೆ ಜಿಪ್ಸಂ. ಅಂದಾಜಿಗೆ ಸುರಿಯಬೇಡಿ, ಮಣ್ಣಿನ ರಿಪೋರ್ಟ್ ನೋಡಿ ಹಾಕಿ. ತೆಗೆಯಬೇಕಾದ ಸೋಡಿಯಂ 100 ಗ್ರಾಂ ಮಣ್ಣಿಗೆ 1 ಮಿಲಿ ಇಕ್ವಿವಲೆಂಟ್ ಇದ್ದರೆ, ಒಂದು ಅಡಿ ಆಳಕ್ಕೆ ಎಕರೆಗೆ ಸುಮಾರು ಒಂದೂವರೆ ಟನ್ ಜಿಪ್ಸಂ ಬೇಕು. ನಿಮ್ಮದು ಅರ್ಧ ಎಕರೆ, ಹಾಗಾಗಿ ಅದರ ಅರ್ಧ. 2 ಇದ್ದರೆ ಎರಡರಷ್ಟು. ಪುಡಿ ಜಿಪ್ಸಂ ಎರಚಿ ಮೇಲಿನ ಮಣ್ಣಲ್ಲಿ ಬೆರೆಸಿ, ಸುತ್ತ ಒಡ್ಡು ಗಟ್ಟಿ ಮಾಡಿ ಮಳೆ ನೀರು ಅಲ್ಲೇ ನಿಲ್ಲುವಂತೆ ಮಾಡಿ. ಕಾಲುವೆ ಬಂದಾಗ ಮೊದಲ ನೀರು ಆ ಜಾಗಕ್ಕೆ ಕೊಡಿ. ಬಿಡುಗಡೆಯಾದ ಸೋಡಿಯಂ ಕೆಳಗೆ ಹೋಗಲೇಬೇಕು, ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಉಪಯೋಗವಿಲ್ಲ. ತಗ್ಗಿನ ಕಡೆ ಒಂದು ಬಸಿಗಾಲುವೆ ತೋಡಿದರೆ ಒಳ್ಳೆಯದು. ಆಮೇಲೆ ಡಯಾಂಚ (ಹಸಿರೆಲೆ ಗೊಬ್ಬರದ ಬೆಳೆ) ಬಿತ್ತಿ, ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸಿ. ಅದರ ಬೇರು ಗಟ್ಟಿ ಮಣ್ಣನ್ನು ಸೀಳುತ್ತದೆ, ಸವಳು ಸಹ ತಡೆದುಕೊಳ್ಳುತ್ತದೆ. ಮೆಣಸಿನಕಾಯಿ ಆ ಜಾಗಕ್ಕೆ ಸದ್ಯ ಬೇಡ, ಹತ್ತಿ ಅಥವಾ ಜೋಳ ಇರಲಿ.

ಇದೆಲ್ಲ ಮಳೆಗೆ ಮುಂಚೆ ಆಗಬೇಕು. ಮಣ್ಣಿನ ಸ್ಯಾಂಪಲ್ ಈ ತಿಂಗಳಲ್ಲೇ ಕಳಿಸಿ: ಮೇಲಿನ ಅರ್ಧ ಅಡಿಯದು ಒಂದು ಚೀಲ, ಅದರ ಕೆಳಗಿನ ಅರ್ಧ ಅಡಿಯದು ಇನ್ನೊಂದು ಚೀಲ. ಬೆಳ್ಳಗೆ ಕಾಣುವ ಹರಳನ್ನು ಎರಡರಲ್ಲೂ ಬೆರೆಸಬೇಡಿ, ಅದನ್ನು ಬೇರೆ ಕಾಗದದಲ್ಲಿ ಕಟ್ಟಿ. ಗೊಬ್ಬರದ ಖಾಲಿ ಚೀಲ ಮಾತ್ರ ಬಳಸಬೇಡಿ.